ಸರ್ವರಿಗೆ ಹೇಳಿದ ಸುಳ್ಳುಗಳು

‘ಸರ್ವರ್ ಡೌನ್ ಇದೆ, ನಾಳೆ ಬನ್ನಿ.’

ನಾಡಕಚೇರಿ, ಬ್ಯಾಂಕು, ನ್ಯಾಯಬೆಲೆ ಅಂಗಡಿ, ಎಲ್ಲಾದರೊಂದು ಕಡೆ ಈ ಮಾತು ಕೇಳದ ಕನ್ನಡಿಗರು ಕಡಿಮೆ. ಒಂದು ಕಾಲದಲ್ಲಿ ‘ಶಾನುಭೋಗರು ಊರಲ್ಲಿಲ್ಲ’ ಎಂಬ ಮಾತಿಗಿದ್ದ ತೂಕ ಈಗ ಇದಕ್ಕೆ ಬಂದಿದೆ. ಮರುಮಾತಾಡುವಂತಿಲ್ಲ, ಚೀಲ ಹೆಗಲಿಗೇರಿಸಿ ಮನೆಯ ದಾರಿ ಹಿಡಿಯಬೇಕು. ಬೈಗುಳವೆಲ್ಲ ಕಣ್ಣಿಗೆ ಕಾಣದ ಆ ಸರ್ವರಿಗೆ. ಪಾಪ, ಅದರ ಕಥೆಯೇ ಬೇರೆ. ದೊಡ್ಡ ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ನಮ್ಮ ಖಾತೆ, ಪಹಣಿ, ಪಡಿತರದ ಲೆಕ್ಕ ಯಾವುದೂ ಸಾಮಾನ್ಯವಾಗಿ ಸರ್ವರಿನ ಹೊಟ್ಟೆಯೊಳಗೆ ಇರುವುದೇ ಇಲ್ಲ. ಇದೆ ಎಂದು ಅದು ನಂಬಿಕೊಂಡಿರುತ್ತದೆ, ಅಷ್ಟೆ.

ಲೆಕ್ಕ ಮಾಡುವ ಯಂತ್ರ ಒಂದು ಕಡೆ, ಡಿಸ್ಕುಗಳ ಕಪಾಟು ಇನ್ನೊಂದು ಕಡೆ. ಕೆಲವೊಮ್ಮೆ ಪಕ್ಕದ ಸಾಲು, ಕೆಲವೊಮ್ಮೆ ಬೇರೆ ಕಟ್ಟಡ. ನಡುವೆ ಇರುವ ಜಾಲಕ್ಕೆ ಸ್ಟೋರೇಜ್ ಏರಿಯಾ ನೆಟ್‌ವರ್ಕ್ ಎಂದು ಹೆಸರು, ಒಡನಾಡುವವರ ಬಾಯಲ್ಲಿ ಬರೀ ‘ಸ್ಯಾನ್’. ಸರ್ವರಿಗೆ ಮಾತ್ರ ಹೇಳಿರುವುದು ಇಷ್ಟು: ಇದು ನಿನ್ನದೇ ಡಿಸ್ಕು, ನಿನ್ನ ಪೆಟ್ಟಿಗೆಯೊಳಗೇ ಇದೆ, ಬೇರೆ ಯಾರೂ ಇದನ್ನು ಮುಟ್ಟುವುದಿಲ್ಲ. ಮೂರೂ ಸುಳ್ಳು. ಕೆಲವು ವರ್ಷ ಇಂಥ ಕೋಣೆಗಳ ಕೊರೆಯುವ ತಂಪಿನಲ್ಲಿ, ಏಪ್ರಿಲ್ ತಿಂಗಳಲ್ಲೂ ಸ್ವೆಟರ್ ತೊಟ್ಟು ದುಡಿದವನು ನಾನು. ಸ್ಯಾನ್ ಲೋಕದ ಆವಿಷ್ಕಾರಗಳನ್ನು ಒಟ್ಟಿಗೆ ಹರಡಿಕೊಂಡು ನೋಡಿದರೆ ನನಗೆ ಅಲ್ಲಿ ಕಾಣುವುದು ಒಂದೇ ಕಸುಬು. ಆ ಸುಳ್ಳನ್ನು ಸಿಕ್ಕಿಬೀಳದಂತೆ ಹೇಳುವುದು.

ಶಾನುಭೋಗರ ಪೆಟ್ಟಿಗೆ

ಶಾನುಭೋಗಿಕೆಯ ಕಾಲದಲ್ಲಿ ಊರಿನ ಲೆಕ್ಕವೆಲ್ಲ ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿ. ಅವರು ನೆಂಟರ ಮನೆಗೆ ಹೋದರೆ ಊರಿನ ಜಮೀನೂ ಅವರೊಡನೆ ಹೋದ ಹಾಗೆ. ಕಂಪ್ಯೂಟರುಗಳೂ ಮೊದಮೊದಲು ಹಾಗೆಯೇ ಬದುಕಿದವು. ಪ್ರತಿ ಯಂತ್ರಕ್ಕೂ ತನ್ನದೇ ಡಿಸ್ಕು, ಯಂತ್ರ ಕೆಟ್ಟರೆ ಡಿಸ್ಕಿನಲ್ಲಿರುವುದು ಕೈಗೆ ಸಿಗದು.

1956ರಲ್ಲಿ ಐಬಿಎಂ ಕಂಪನಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ರೂಪಿಸಿದ ರಾಮಾಕ್ ಯಂತ್ರದ ಡಿಸ್ಕ್ ಘಟಕದಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ತೂಕ ಒಂದು ಟನ್ನಿಗೂ ಮಿಗಿಲು. ಅಷ್ಟೆಲ್ಲ ಸೇರಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ಇಂದು ಮದುವೆಮನೆಯಲ್ಲಿ ಫೋನಿನಿಂದ ತೆಗೆದ ಒಂದೇ ಒಂದು ಫೋಟೊ ಅದರಲ್ಲಿ ಹಿಡಿಸಿದರೆ ಪುಣ್ಯ. ಅಲ್ಲಿಂದ ಮುಂದಿನ ಮೂವತ್ತು ವರ್ಷ ಡಿಸ್ಕುಗಳು ಎರಡು ಜಾತಿಯಾಗಿ ಬೆಳೆದವು. ಒಂದು, ಮೇನ್‌ಫ್ರೇಮಿಗೆ ಜೋಡಿಸುವ ದುಬಾರಿ ದೈತ್ಯ. ಇನ್ನೊಂದು, ಮೇಜಿನ ಮೇಲಿನ ಕಂಪ್ಯೂಟರಿಗಾಗಿ ಬಂದ ಅಗ್ಗದ ಕುಳ್ಳ.

ಅಗ್ಗದ ಕುಳ್ಳರನ್ನು ನೂರಾರು ಸಂಖ್ಯೆಯಲ್ಲಿ ಸೇರಿಸಿ ಒಬ್ಬ ದೈತ್ಯನ ವೇಷ ಹಾಕಿಸಿದರೆ ಹೇಗೆ? ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಇದೇ. ‘ರೇಡ್’ ಎಂಬ ಹೆಸರು ಚಾಲ್ತಿಗೆ ಬಂದದ್ದು ಅಲ್ಲಿಂದ. ಅವರ ಲೆಕ್ಕದಲ್ಲಿ ಒಂದು ಎಡವಟ್ಟೂ ಇತ್ತು, ಅದನ್ನು ಅವರೇ ಎತ್ತಿ ತೋರಿಸಿದರು. ಒಂದು ಡಿಸ್ಕಿನ ಸರಾಸರಿ ಆಯಸ್ಸು 30,000 ಗಂಟೆ, ಅಂದರೆ ಮೂರು ವರ್ಷಕ್ಕೂ ಹೆಚ್ಚು ಅಂದುಕೊಳ್ಳಿ. ಅಂಥ ನೂರನ್ನು ಒಟ್ಟಿಗೆ ಕಟ್ಟಿದರೆ ಅವುಗಳಲ್ಲಿ ಯಾವುದಾದರೊಂದು ಸಾಯಲು ಸರಾಸರಿ 300 ಗಂಟೆ ಸಾಕು. ಎರಡು ವಾರವೂ ಪೂರ್ತಿಯಾಗುವುದಿಲ್ಲ. ಕೂಡು ಕುಟುಂಬ ದೊಡ್ಡದಾದಷ್ಟೂ ಸೂತಕ ಹೆಚ್ಚು.

ಪರಿಹಾರ ಕಿರಾಣಿ ಅಂಗಡಿಯ ಚೀಟಿಯಷ್ಟು ಸರಳ. ಚೀಟಿಯಲ್ಲಿ ಅಕ್ಕಿ, ಬೇಳೆ, ಬೆಲ್ಲ, ಎಣ್ಣೆಗಳ ಬೆಲೆ ಇದೆ, ಕೆಳಗೆ ಒಟ್ಟು ಮೊತ್ತವಿದೆ. ಬೆಲ್ಲದ ಸಾಲಿನ ಮೇಲೆ ಎಣ್ಣೆ ಬಿದ್ದು ಅಳಿಸಿಹೋಯಿತು. ಒಟ್ಟು ಮೊತ್ತದಿಂದ ಉಳಿದವನ್ನು ಕಳೆದರೆ ಬೆಲ್ಲದ ಬೆಲೆ ಮತ್ತೆ ಸಿಗುತ್ತದೆ. ಹಾಗೆಯೇ ಡಿಸ್ಕುಗಳ ಗುಂಪಿನಲ್ಲಿ ‘ಒಟ್ಟು ಮೊತ್ತ’ಕ್ಕೂ ಜಾಗ ಕೊಟ್ಟರೆ ಸತ್ತ ಡಿಸ್ಕಿನಲ್ಲಿದ್ದುದನ್ನು ಬದುಕಿರುವವುಗಳ ನೆರವಿನಿಂದ ಮರಳಿ ಬರೆಯಬಹುದು. ಈ ಉಪಾಯ ಬರ್ಕ್ಲಿಯವರಿಗಿಂತ ಹಳೆಯದು. ಐಬಿಎಂನ ನಾರ್ಮನ್ ಕೆನ್ ಔಚಿ ಅವರಿಗೆ 1978ರಲ್ಲೇ ಇಂಥದೊಂದು ಪೇಟೆಂಟ್ ಸಿಕ್ಕಿತ್ತು. ಬರ್ಕ್ಲಿಯ ಮೂವರು ಮಾಡಿದ್ದು ಅದನ್ನು ಹೆಸರಿಟ್ಟು, ದರ್ಜೆ ವಿಂಗಡಿಸಿ, ಲೆಕ್ಕ ಹಾಕಿ ಲೋಕದ ಮುಂದಿಟ್ಟದ್ದು. ರೇಡ್ ಎಂಬ ಹೆಸರಿನಲ್ಲಿದ್ದ ‘ಅಗ್ಗದ’ ಎಂಬರ್ಥದ ಪದವನ್ನು ಮುಂದೆ ಉದ್ಯಮದವರು ಮೆಲ್ಲಗೆ ಬದಲಾಯಿಸಿ ‘ಸ್ವತಂತ್ರ’ ಎಂಬರ್ಥದ್ದನ್ನು ಕೂರಿಸಿದರು. ದುಬಾರಿ ಬೆಲೆಗೆ ಮಾರುವ ಪೆಟ್ಟಿಗೆಯ ಹೆಸರಿನಲ್ಲೇ ಅಗ್ಗ ಎಂದಿದ್ದರೆ ವ್ಯಾಪಾರ ಹೇಗೆ ನಡೆದೀತು?

ಮೊದಲ ಸುಳ್ಳು ಸಿದ್ಧವಾಯಿತು. ಹತ್ತಾರು ಡಿಸ್ಕು ಸೇರಿ ‘ನಾನೊಬ್ಬನೇ’ ಎಂದವು.

ಹಾಲಿನ ಕ್ಯಾನು, ರೇಷ್ಮೆಯ ಎಳೆ

ಸುಳ್ಳು ಪೆಟ್ಟಿಗೆಯಿಂದ ಹೊರಗೆ ಕಾಲಿಡಲು ದಾರಿ ಬೇಕಿತ್ತು. ಆಗ ಡಿಸ್ಕಿನ ಭಾಷೆ ಸ್ಕಸಿ, 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಮುದ್ರೆ ಪಡೆದದ್ದು. ಭಾಷೆ ಒಳ್ಳೆಯದೇ. ಅದನ್ನು ಹೊತ್ತ ಕೇಬಲ್ಲಿನ ಪಾಡು ಮಾತ್ರ ಬೇಡ. ಹೆಬ್ಬೆರಳಿಗಿಂತ ದಪ್ಪ, ಸಾಮಾನ್ಯ ಬಗೆಯದಾದರೆ ಉದ್ದ 6 ಮೀಟರಿನೊಳಗೆ, ಸರ್ವರೂ ಸೇರಿ ಎಂಟೋ ಹದಿನಾರೋ ಸಾಧನಗಳಿಗಷ್ಟೇ ಜಾಗ. ತುದಿಯಲ್ಲಿ ಟರ್ಮಿನೇಟರ್ ಎಂಬ ಸಣ್ಣ ಮುಚ್ಚಳ ಸಿಕ್ಕಿಸಲು ಮರೆತರೆ ಇಡೀ ಸಾಲಿಗೆ ಹುಚ್ಚು ಹಿಡಿಯುತ್ತಿತ್ತು. ಎಷ್ಟೋ ಮಂದಿ ಎಂಜಿನಿಯರುಗಳು ಪ್ಯಾಂಟಿನ ಜೇಬಿನಲ್ಲಿ ಒಂದು ಟರ್ಮಿನೇಟರ್ ಇಟ್ಟುಕೊಂಡೇ ಓಡಾಡಿದ್ದಾರೆ.

1988ರಲ್ಲಿ ಕೆಲಸ ಶುರುವಾಗಿ 1994ರಲ್ಲಿ ಮಾನದಂಡವಾಗಿ ಒಪ್ಪಿಗೆ ಪಡೆದ ಫೈಬರ್ ಚಾನೆಲ್ ಈ ಕಟ್ಟು ಬಿಚ್ಚಿತು. ಹೆಸರಿನಲ್ಲಿ ಫೈಬರ್ ಇದ್ದರೂ ಅದು ತಾಮ್ರದ ತಂತಿಯ ಮೇಲೂ ಓಡುತ್ತದೆ. ಗಾಜಿನ ಎಳೆಗೇ ಮೀಸಲೆಂದು ಜನ ತಪ್ಪು ತಿಳಿಯಬಾರದೆಂದು ಅಮೆರಿಕದವರು ಆ ಪದದ ಕೊನೆಯ ಎರಡಕ್ಷರ ಅದಲುಬದಲು ಮಾಡಿ ಬ್ರಿಟಿಷ್ ಕಾಗುಣಿತದಲ್ಲಿ ಬರೆದರು. ಕನ್ನಡದಲ್ಲಿ ಬರೆಯುವ ನಮಗೆ ಆ ರಗಳೆ ಇಲ್ಲ.

ಫೈಬರ್ ಚಾನೆಲ್ಲಿನ ಜಾಣತನ ವೇಗದಲ್ಲಿಲ್ಲ, ಅದರ ಸಂಯಮದಲ್ಲಿದೆ. ಅಂತರ್ಜಾಲ ಓಡುವ ಮಾಮೂಲಿ ಈಥರ್‌ನೆಟ್ಟಿನ ನೀತಿ ನಮ್ಮ ಸಿಟಿ ಬಸ್ಸಿನದು. ಬಂದವರನ್ನೆಲ್ಲ ಹತ್ತಿಸು, ಜಾಗ ಸಾಲದಿದ್ದರೆ ಒಬ್ಬಿಬ್ಬರು ಬಿದ್ದಾರು, ಬಿದ್ದವರು ಮುಂದಿನ ಬಸ್ಸಿಗೆ ಬರಲಿ. ಮಿಂಚಂಚೆಗೆ ಇದು ನಡೆಯುತ್ತದೆ. ಡಿಸ್ಕಿಗೆ ಒಗ್ಗದು. ಪಕ್ಕದ ಕೋಣೆಯ ಡಿಸ್ಕು ನನ್ನ ಹೊಟ್ಟೆಯಲ್ಲಿದೆ ಎಂದು ನಂಬಿರುವ ಸರ್ವರಿಗೆ, ದಾರಿಯಲ್ಲಿ ಒಂದಷ್ಟು ಬಿದ್ದುಹೋಯಿತು ಎಂಬ ಮಾತೇ ಅರ್ಥವಾಗುವುದಿಲ್ಲ. ಹೊಟ್ಟೆಯೊಳಗೆ ಏನು ಬೀಳುವುದು, ಎಲ್ಲಿಗೆ ಬೀಳುವುದು?

ಅದಕ್ಕೆ ಫೈಬರ್ ಚಾನೆಲ್ ಹಿಡಿದದ್ದು ಹಾಲಿನ ಡೇರಿಯ ದಾರಿ. ಸಂಘದವರ ಹತ್ತಿರ ಎಷ್ಟು ಖಾಲಿ ಕ್ಯಾನುಗಳಿವೆಯೋ ಅಷ್ಟೇ ಹಾಲು ಲಾರಿಗೆ ಏರಿಸಬಹುದು. ಒಂದು ಖಾಲಿ ಕ್ಯಾನು ಮರಳಿ ಬಂದರೆ ಇನ್ನೊಂದು ತುಂಬಿದ ಕ್ಯಾನು ಹೊರಡುತ್ತದೆ. ಹಾಲು ನೆಲಕ್ಕೆ ಚೆಲ್ಲುವ ಮಾತೇ ಇಲ್ಲ. ಜಾಲದ ಪ್ರತಿ ತುದಿಯೂ ಮೊದಲ ಪರಿಚಯದಲ್ಲೇ ‘ನನ್ನಲ್ಲಿ ಇಷ್ಟು ಜಾಗವಿದೆ’ ಎಂದು ಹೇಳಿಬಿಡುತ್ತದೆ. ಕಳುಹಿಸುವವನು ಅಷ್ಟು ಫ್ರೇಮುಗಳನ್ನು, ಅಂದರೆ ಮಾಹಿತಿಯ ಕಟ್ಟುಗಳನ್ನು, ಕಳುಹಿಸಿ ಕೈಕಟ್ಟಿ ನಿಲ್ಲುತ್ತಾನೆ. ‘ಒಂದು ಖಾಲಿಯಾಯಿತು’ ಎಂಬ ಚಿಕ್ಕ ಸಂಕೇತ ಬಂದರೆ ಇನ್ನೊಂದನ್ನು ಬಿಡುತ್ತಾನೆ. ಇದಕ್ಕೆ ‘ಕ್ರೆಡಿಟ್’ ಎನ್ನುತ್ತಾರೆ. ಸಾಲವಲ್ಲ, ಖಾಲಿ ಕ್ಯಾನು.

ಈ ಏರ್ಪಾಟಿಗೆ ತನ್ನದೇ ರೋಗವೂ ಇದೆ. ಒಂದು ಊರಿನವರು ಖಾಲಿ ಕ್ಯಾನನ್ನು ಬೇಗ ಹಿಂದಿರುಗಿಸದಿದ್ದರೆ ಅವರ ಲಾರಿ ರಸ್ತೆಯಲ್ಲೇ ನಿಲ್ಲುತ್ತದೆ, ಅದರ ಹಿಂದೆ ಬೇರೆ ಊರಿನ ಲಾರಿಗಳೂ ನಿಲ್ಲುತ್ತವೆ. ಜಾಲದಲ್ಲೂ ಹಾಗೆ. ಒಂದು ಬಡಪಾಯಿ ಸರ್ವರ್ ಬಂದದ್ದನ್ನು ನಿಧಾನವಾಗಿ ನುಂಗುತ್ತಿದ್ದರೆ ಅದಕ್ಕೆ ಸಂಬಂಧವೇ ಇಲ್ಲದ ನೂರು ಸರ್ವರುಗಳು ಏದುಸಿರು ಬಿಡುತ್ತವೆ. ‘ಸ್ಲೋ ಡ್ರೈನ್’ ಎಂದು ಕರೆಯುವ ಈ ಕಾಯಿಲೆಯನ್ನು ಪತ್ತೆಹಚ್ಚುವ, ಅಂಥವರನ್ನು ಬೇರೆ ಓಣಿಗೆ ದಬ್ಬುವ ಉಪಾಯಗಳು ಬಂದಿವೆ. ಆದರೂ ಸ್ಯಾನ್ ನೋಡಿಕೊಳ್ಳುವವರ ಎಷ್ಟೋ ರಾತ್ರಿಗಳ ನಿದ್ದೆಯನ್ನು ತಿಂದದ್ದು ಇದೇ.

ಮೊದಲ ದಿನಗಳಲ್ಲಿ ಫೈಬರ್ ಚಾನೆಲ್ಲನ್ನು ಉಂಗುರದಂತೆ ಕಟ್ಟುತ್ತಿದ್ದರು. ಒಂದೇ ಬಳೆಯಲ್ಲಿ 126 ಸಾಧನಗಳವರೆಗೆ. ಒಮ್ಮೆಗೆ ಒಂದು ಜೋಡಿ ಮಾತ್ರ ಮಾತಾಡಬಹುದು. ಹೊಸಬರು ಬಂದರೆ, ಇದ್ದವರು ಎದ್ದುಹೋದರೆ ಇಡೀ ಪಂಕ್ತಿ ಊಟ ನಿಲ್ಲಿಸಿ ಎದ್ದು ಮತ್ತೆ ಕೂರಬೇಕು. ಇದಕ್ಕೆ ಬದಲಾಗಿ ಎಲ್ಲರನ್ನೂ ನಡುವಿನ ಸ್ವಿಚ್ಚಿಗೆ ತಂದು, ಅಲ್ಲಿಂದ ಯಾರು ಯಾರೊಂದಿಗೆ ಬೇಕಾದರೂ ಏಕಕಾಲಕ್ಕೆ ಮಾತಾಡುವಂತೆ ಮಾಡುವ ವಿನ್ಯಾಸವೂ ಮಾನದಂಡದಲ್ಲಿತ್ತು. ಅದನ್ನು ಪೇಟೆಗೆ ತಂದು ಗೆದ್ದವರಲ್ಲಿ ಮುಂಚೂಣಿಯ ಹೆಸರು ನಮ್ಮ ಕಡೆಯದು, ಕುಮಾರ್ ಮಳವಳ್ಳಿ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗ್ ಓದಿದ ಅವರು ಫೈಬರ್ ಚಾನೆಲ್ ಮಾನದಂಡ ರೂಪಿಸಿದವರಲ್ಲಿ ಒಬ್ಬರು, ಆ ತಾಂತ್ರಿಕ ಸಮಿತಿಯ ಅಧ್ಯಕ್ಷರೂ ಆಗಿದ್ದವರು. 1995ರಲ್ಲಿ ಸೇಥ್ ನೈಮನ್, ಪಾಲ್ ಬಾಂಡರ್ಸನ್ ಅವರೊಡನೆ ಸೇರಿ ಕ್ಯಾಲಿಫೋರ್ನಿಯಾದಲ್ಲಿ ಬ್ರೊಕೇಡ್ ಕಂಪನಿ ಕಟ್ಟಿದರು. 1997ರಲ್ಲಿ ಬಂದ ಅದರ ಸ್ವಿಚ್ಚಿನ ಹೆಸರು ‘ಸಿಲ್ಕ್‌ವರ್ಮ್’. ಸ್ವಿಚ್ಚುಗಳು ಒಂದಕ್ಕೊಂದು ಹೆಣೆದುಕೊಂಡ ಜಾಲವನ್ನು ಈ ಕ್ಷೇತ್ರದಲ್ಲಿ ‘ಫ್ಯಾಬ್ರಿಕ್’ ಎನ್ನುವುದು ವಾಡಿಕೆ. ಈಗ ಅರ್ಥ ಕೂಡಿಸಿ ನೋಡಿ. ಫ್ಯಾಬ್ರಿಕ್ ಎಂದರೆ ನೇಯ್ದ ಬಟ್ಟೆ. ಬ್ರೊಕೇಡ್ ಎಂದರೆ ಜರಿ ಹೆಣೆದ ರೇಷ್ಮೆ. ಸಿಲ್ಕ್‌ವರ್ಮ್ ನಮ್ಮ ರೇಷ್ಮೆ ಹುಳ. ಮಂಡ್ಯ ಜಿಲ್ಲೆಯ ಮಳವಳ್ಳಿ ಸುತ್ತಮುತ್ತ ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳುವಿಗೆ ಹಾಕುವ ಮನೆಗಳು ಬೇಕಾದಷ್ಟಿವೆ. ಸ್ವಿಚ್ಚಿನ ಹೆಸರಿಗೂ ಆ ಊರಿಗೂ ಗಂಟು ಹಾಕುವುದು ನನ್ನ ಚಪಲವೇ ಹೊರತು ಅದಕ್ಕೆ ಆಧಾರವೇನಿಲ್ಲ. ಆದರೂ ಮೈಸೂರು ಸೀಮೆಯವರಿಗೆ ಈ ಚಪಲ ತಡೆದುಕೊಳ್ಳುವುದು ಕಷ್ಟ.

ಈ ಬಟ್ಟೆಯನ್ನು ಯಾವಾಗಲೂ ಜೋಡಿಯಾಗಿ ನೇಯುತ್ತಾರೆ. ಎ ಫ್ಯಾಬ್ರಿಕ್, ಬಿ ಫ್ಯಾಬ್ರಿಕ್. ಪ್ರತಿ ಸರ್ವರಿಗೂ ಎರಡು ಬಾಗಿಲು, ಎರಡು ದಾರಿ, ಒಂದರ ಎಳೆ ಇನ್ನೊಂದಕ್ಕೆ ಎಲ್ಲಿಯೂ ತಾಗಬಾರದು. ಹೀಗಾಗಿ ಒಂದು ಬಟ್ಟೆ ಪೂರ್ತಿ ಹರಿದರೂ ಸರ್ವರಿಗೆ ಗೊತ್ತಾಗುವುದಿಲ್ಲ. ಎರಡು ದಾರಿಯಲ್ಲಿ ಕಾಣುವ ಒಂದೇ ಡಿಸ್ಕನ್ನು ಎರಡು ಡಿಸ್ಕೆಂದು ಭ್ರಮಿಸದಂತೆ ಅದಕ್ಕೆ ಬುದ್ಧಿ ಹೇಳುವ ತಂತ್ರಾಂಶವೊಂದು ಒಳಗೆ ಕೂತಿರುತ್ತದೆ.

2017ರಲ್ಲಿ ಬ್ರಾಡ್‌ಕಾಮ್ ಬ್ರೊಕೇಡನ್ನು ಕೊಂಡುಕೊಂಡಿತು. ಸಿಲ್ಕ್‌ವರ್ಮ್ ಎಂಬ ಹೆಸರು ಅಷ್ಟು ಹೊತ್ತಿಗೆ ಹಳೆಯ ಎಂಜಿನಿಯರುಗಳ ನಾಲಗೆಯಲ್ಲಿ ಮಾತ್ರ ಉಳಿದಿತ್ತು.

ನೋಡಬಾರದ್ದನ್ನು ಕಾಣಿಸದಿರುವುದು

ಎಲ್ಲರನ್ನೂ ಒಂದೇ ಜಾಲಕ್ಕೆ ತಂದ ಮೇಲೆ ಹೊಸ ಆಪತ್ತು ಹುಟ್ಟಿತು. ಸರ್ವರ್ ಪ್ರಾಮಾಣಿಕ ಪ್ರಾಣಿ, ಆದರೆ ಅದಕ್ಕೆ ಸಂಕೋಚವಿಲ್ಲ. ಕಣ್ಣಿಗೆ ಕಂಡ ಡಿಸ್ಕೆಲ್ಲ ತನ್ನದೇ ಎನ್ನುತ್ತದೆ. ತೊಂಬತ್ತರ ದಶಕದ ವಿಂಡೋಸ್ ಎನ್‌ಟಿಯ ಡಿಸ್ಕ್ ನಿರ್ವಹಣೆಯ ತಂತ್ರಾಂಶ ಹೊಸ ಡಿಸ್ಕು ಕಂಡರೆ ಸಾಕು, ಅದರ ಮೇಲೆ ತನ್ನ ಮುದ್ರೆ ಒತ್ತಲು ಹೊರಡುತ್ತಿತ್ತು. ಪಕ್ಕದ ಯೂನಿಕ್ಸ್ ಯಂತ್ರದ ಡಿಸ್ಕಿನ ಮೇಲೆ ಆ ಮುದ್ರೆ ಬಿದ್ದರೆ ಅಲ್ಲಿನ ಲೆಕ್ಕಪತ್ರ ಅಲ್ಲಿಗೆ ಮುಗಿಯಿತು.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಉಂಡೆಯ ಡಬ್ಬಿಯನ್ನು ಬೈದು ಕಾಪಾಡಲಾಗದು, ಅಟ್ಟದ ಮೇಲಿಡಬೇಕು. ಎರಡು ಬಗೆಯ ಅಟ್ಟಗಳು ಬಂದವು. ಒಂದು ಸ್ವಿಚ್ಚಿನಲ್ಲಿ. ಪ್ರತಿ ಸಾಧನಕ್ಕೂ 64 ಬಿಟ್‌ಗಳ ಹುಟ್ಟು ಹೆಸರಿದೆ, ಯಾವ ಹೆಸರಿನವರು ಯಾವ ಹೆಸರಿನವರನ್ನು ನೋಡಬಹುದೆಂಬ ಪಟ್ಟಿಯನ್ನು ಸ್ವಿಚ್ಚು ಕಾಯುತ್ತದೆ. ಇದು ಜೋನಿಂಗ್. ಇನ್ನೊಂದು ಡಿಸ್ಕಿನ ಕಪಾಟಿನಲ್ಲಿ. ಕಪಾಟಿನೊಳಗಿನ ಜಾಗವನ್ನು ತುಂಡು ತುಂಡಾಗಿ ಹಂಚಿ, ಪ್ರತಿ ತುಂಡಿಗೂ ಒಂದು ಸಂಖ್ಯೆ ಕೊಟ್ಟು, ಕೇಳಿದವರ ಮುಖ ನೋಡಿ ಅವರದನ್ನಷ್ಟೇ ತೋರಿಸುವುದು. ತುಂಡಿಗೆ ಲನ್ ಎಂದೂ, ಈ ಮರೆಮಾಚುವಿಕೆಗೆ ಲನ್ ಮಾಸ್ಕಿಂಗ್ ಎಂದೂ ಹೆಸರು. ಹೇಳದೆ ಉಳಿಸುವುದೂ ಒಂದು ಸುಳ್ಳೇ, ಅದೂ ಬಹಳ ಉಪಕಾರಿ ಸುಳ್ಳು.

ಈ ಸುಳ್ಳು ಯಾರ ಸೊತ್ತು ಎಂಬ ವ್ಯಾಜ್ಯವೂ ನಡೆಯಿತು. ಟೆಕ್ಸಸ್‌ನ ಕ್ರಾಸ್‌ರೋಡ್ಸ್ ಸಿಸ್ಟಮ್ಸ್ ಕಂಪನಿಗೆ 1999ರಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಫೈಬರ್ ಚಾನೆಲ್ ಕಡೆಯ ಕಂಪ್ಯೂಟರುಗಳಿಗೂ ಸ್ಕಸಿ ಡಿಸ್ಕುಗಳಿಗೂ ನಡುವೆ ಕೂತು, ಯಾರಿಗೆ ಯಾವ ತುಂಡು ಎಂದು ನಕ್ಷೆ ಹಾಕಿ ಕಾಯುವ ಪೆಟ್ಟಿಗೆ ಅದು. ಪೇಟೆಂಟಿನ ಶೀರ್ಷಿಕೆಯಲ್ಲೇ ‘ವರ್ಚುವಲ್ ಲೋಕಲ್ ಸ್ಟೋರೇಜ್’ ಎಂಬ ಮಾತಿದೆ. ಬಿಡಿಸಿ ಹೇಳಿದರೆ, ಮನೆಯಲ್ಲಿಲ್ಲದ್ದನ್ನು ಮನೆಯಲ್ಲಿದೆ ಎನ್ನಿಸುವ ಉಗ್ರಾಣ. ನಾನು ಇಷ್ಟು ಹೊತ್ತು ಎಳೆದಾಡುತ್ತಿರುವ ಮಾತನ್ನು ಪೇಟೆಂಟ್ ವಕೀಲರು ಮೂರು ಪದದಲ್ಲಿ ಮುಗಿಸಿದ್ದಾರೆ! ಆ ಪೇಟೆಂಟ್ ಮತ್ತು ಅದರ ಸಂತಾನವನ್ನು ಹಿಡಿದುಕೊಂಡು ಕಂಪನಿ ಹಲವರ ಮೇಲೆ ದಾವೆ ಹೂಡಿತು, ಹಲವರು ಪರವಾನಗಿ ಶುಲ್ಕ ತೆತ್ತು ತೆಪ್ಪಗಾದರು. ಕೊನೆಗೆ 2016ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿಯ ಮೇಲ್ಮನವಿ ಮಂಡಳಿ ಆ ಕುಟುಂಬದ ಕೆಲವು ಪೇಟೆಂಟುಗಳಿಗೆ ಮಾನ್ಯತೆ ಇಲ್ಲವೆಂದಿತು. ನನ್ನ ಮಟ್ಟಿಗೆ ಇಂಥ ಉಪಾಯಗಳಿಗೆ ಒಬ್ಬರೇ ಒಡೆಯರೆನ್ನುವುದು ಕಷ್ಟ. ಮಕ್ಕಳಿರುವ ಮನೆಯಲ್ಲೆಲ್ಲ ಅಟ್ಟ ಕಟ್ಟುತ್ತಾರೆ.

ಸಾವಿರ ಎಲೆ, ಆರುನೂರು ಊಟ

ಸುಳ್ಳುಗಳಲ್ಲೆಲ್ಲ ಧೈರ್ಯಶಾಲಿಯಾದದ್ದು ಥಿನ್ ಪ್ರಾವಿಶನಿಂಗ್. 1999ರಲ್ಲಿ ಹುಟ್ಟಿದ ತ್ರೀಪಾರ್ ಕಂಪನಿ ಇದಕ್ಕೆ ಹೆಸರುವಾಸಿ. ಅದನ್ನು ಕೊಳ್ಳಲು 2010ರಲ್ಲಿ ಡೆಲ್ ಮತ್ತು ಎಚ್‌ಪಿ ಹರಾಜಿನ ಹಾಗೆ ಜಗಳವಾಡಿ, ಕಡೆಗೆ ಎಚ್‌ಪಿ ಸುಮಾರು 235 ಕೋಟಿ ಡಾಲರಿಗೆ ಗೆದ್ದುಕೊಂಡಿತು.

ಕಚೇರಿಗಳಲ್ಲಿ ಯಾರನ್ನು ಕೇಳಿದರೂ ಡಿಸ್ಕ್ ಜಾಗ ಬೇಕಾದ್ದರ ಮೂರುಪಟ್ಟು ಕೇಳುತ್ತಾರೆ. ಮತ್ತೆ ಅರ್ಜಿ ಹಾಕುವ ತಾಪತ್ರಯ ಬೇಡವೆಂದು. ಕೊಟ್ಟ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿರುತ್ತದೆ, ಆದರೆ ಬೇರೆಯವರಿಗೆ ಸಿಗದು. ಥಿನ್ ಪ್ರಾವಿಶನಿಂಗ್ ಹೇಳುವುದು ಇಷ್ಟೆ: ಕೇಳಿದಷ್ಟೂ ಕೊಟ್ಟೆ ಎನ್ನು, ಬರೆದಾಗ ಬರೆದಷ್ಟಕ್ಕೇ ಜಾಗ ಕೊಡು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಗಾದೆ. ಇಲ್ಲಿ ಕಾಲು ಚಾಚಿದಷ್ಟು ಹಾಸಿಗೆ ಬಿಚ್ಚಿಕೊಳ್ಳುತ್ತದೆ. ನಮ್ಮ ಅಡುಗೆ ಭಟ್ಟರು ಇದನ್ನು ಯಾವತ್ತಿನಿಂದಲೋ ಬಲ್ಲರು. ಸಾವಿರ ಲಗ್ನಪತ್ರಿಕೆ ಹಂಚಿದ ಮನೆಗೆ ಅವರು ಸಾವಿರ ಎಲೆಗೆ ಅಕ್ಕಿ ಹಾಕುವುದಿಲ್ಲ. ಆರುನೂರಕ್ಕೆ ಹಾಕಿ, ಬಾಗಿಲ ಕಡೆ ಒಂದು ಕಣ್ಣಿಟ್ಟಿರುತ್ತಾರೆ.

ಆ ಒಂದು ಕಣ್ಣು ತಪ್ಪಿದರೆ? ನಾನು ಹತ್ತಿರದಿಂದ ಕಂಡ ಒಂದು ರಾತ್ರಿ ಇದೆ. ಎಲ್ಲಿ, ಯಾರಲ್ಲಿ ಎಂಬುದು ಬೇಡ. ಕಪಾಟು ಶೇ 80 ತುಂಬಿದಾಗ ಎಚ್ಚರಿಕೆಯ ಮಿಂಚಂಚೆ ಹೋಗಿತ್ತು, ಶೇ 90 ತುಂಬಿದಾಗಲೂ ಹೋಗಿತ್ತು. ಎರಡೂ ಆರು ತಿಂಗಳ ಹಿಂದೆ ಕೆಲಸ ಬಿಟ್ಟುಹೋದವರೊಬ್ಬರ ವಿಳಾಸಕ್ಕೆ. ರಾತ್ರಿ ಹನ್ನೊಂದರ ಹೊತ್ತಿಗೆ ಕಪಾಟು ತುಳುಕಿತು. ಒಂದು ಸರ್ವರ್ ಅಲ್ಲ, ಆ ಕಪಾಟನ್ನು ನಂಬಿದ್ದ ಅಷ್ಟೂ ಸರ್ವರುಗಳು ಒಟ್ಟಿಗೇ ಕೈಚೆಲ್ಲಿದವು. ವಿಚಿತ್ರವೆಂದರೆ ಪ್ರತಿಯೊಂದನ್ನೂ ಕೇಳಿದರೆ ‘ನನ್ನ ಡಿಸ್ಕಿನಲ್ಲಿ ಅರ್ಧ ಜಾಗ ಖಾಲಿ ಇದೆ’ ಎನ್ನುತ್ತಿತ್ತು. ‘ಸಾರ್, ಎಲ್ಲಾ ಕಡೆ ಜಾಗ ಇದೆ, ಎಲ್ಲೂ ಬರೆಯಕ್ಕಾಗ್ತಿಲ್ಲ’ ಎಂದು ಫೋನಿನಲ್ಲಿ ಹುಡುಗನೊಬ್ಬ ಅಳುವ ದನಿಯಲ್ಲಿ ಹೇಳಿದ್ದು ಈಗಲೂ ಕಿವಿಯಲ್ಲಿದೆ. ಮರುದಿನ ಆ ಕಚೇರಿಯ ಕಿಟಕಿಯಲ್ಲಿ ಏನೆಂದಿರಬಹುದು? ಸರ್ವರ್ ಡೌನ್!

ಇದರ ಬೆನ್ನಿಗೇ ಇನ್ನೊಂದು ತೊಡಕೂ ಎದ್ದಿತು. ಸರ್ವರ್ ಒಂದು ಕಡತ ಅಳಿಸಿದರೆ ತನ್ನ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತದೆ, ಡಿಸ್ಕಿಗೆ ಸುದ್ದಿ ಮುಟ್ಟಿಸುವುದಿಲ್ಲ. ತನ್ನ ಹೊಟ್ಟೆಯ ಡಿಸ್ಕಿಗೆ ಹೇಳುವ ಅಗತ್ಯವೇನಿತ್ತು? ಹೀಗಾಗಿ ಉಂಡೆದ್ದವರ ಎಲೆ ಹಾಗೇ ಉಳಿದು ಕಪಾಟು ತುಂಬುತ್ತಿತ್ತು. ‘ಈ ಜಾಗ ಇನ್ನು ಬೇಡ’ ಎಂದು ತಿಳಿಸುವ ಅನ್‌ಮ್ಯಾಪ್ ಎಂಬ ಆಜ್ಞೆಯನ್ನು ಸ್ಕಸಿ ಭಾಷೆಗೆ ಸೇರಿಸಬೇಕಾಯಿತು. ಎಲೆ ಎತ್ತುವವರನ್ನು ನೇಮಿಸಿದ ಹಾಗೆ.

ನಕಲಿನ ವಿಷಯದಲ್ಲಿ ಹೇಳಿದ ಸುಳ್ಳು ಇದಕ್ಕಿಂತ ಸೊಗಸು. 1992ರಲ್ಲಿ ಆರಂಭವಾದ ನೆಟ್‌ಆ್ಯಪ್ ಕಂಪನಿಯವರು 1994ರಲ್ಲಿ ತಮ್ಮ ಕಡತ ವ್ಯವಸ್ಥೆಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಸ್ನ್ಯಾಪ್‌ಶಾಟ್ ಎಂಬ ತಂತ್ರವಿತ್ತು. ಹೊಲವನ್ನು ನಕಲು ಮಾಡಲಾಗದು, ಹೊಲದ ನಕಾಶೆಯನ್ನು ಮಾಡಬಹುದು. ಹಾಗೆ ಡಿಸ್ಕಿನಲ್ಲಿ ಯಾವುದು ಎಲ್ಲಿದೆ ಎಂಬ ನಕ್ಷೆಯನ್ನಷ್ಟೇ ಹಿಡಿದಿಟ್ಟುಕೊಂಡು, ಇನ್ನು ಮುಂದೆ ಹಳೆಯದರ ಮೇಲೆ ಬರೆಯದೆ ಹೊಸದನ್ನು ಹೊಸ ಜಾಗದಲ್ಲಿ ಬರೆದರೆ ಆಯಿತು. ಕ್ಷಣಮಾತ್ರದಲ್ಲಿ ಇಡೀ ಡಿಸ್ಕಿನ ‘ನಕಲು’ ಸಿದ್ಧ. ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ಹೇಗಿತ್ತೋ ಹಾಗೆ ತೋರಿಸು ಎಂದರೆ ತೋರಿಸುತ್ತದೆ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಇಂದಿನ ಸೈಬರ್ ದರೋಡೆಕೋರರ ಎದುರು ಕೊನೆಯ ಆಸರೆಗಳಲ್ಲಿ ಇದೂ ಒಂದು. ನೆಟ್‌ಆ್ಯಪ್ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ದೊಡ್ಡ ಕ್ಯಾಂಪಸ್ ಕಟ್ಟಿದೆ. ಈ ಬಗೆಯ ನಕ್ಷೆಗಳ ಒಳಗನ್ನು ತಿದ್ದುತ್ತಾ ಕೂತ ಎಷ್ಟೋ ಎಂಜಿನಿಯರುಗಳು ಸಂಜೆ ಅಲ್ಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುತ್ತಾರೆ.

ಒಂದೇ ವಿಷಯ ನೂರು ಸಲ ಬರೆದಿದ್ದರೆ ಒಂದನ್ನೇ ಇಟ್ಟುಕೊಂಡು ಉಳಿದವರಿಗೆ ‘ನಿನ್ನದೂ ಇದೆ’ ಎನ್ನುವ ಡೀಡೂಪ್ಲಿಕೇಷನ್ ಇನ್ನೊಂದು. ಪ್ರಿನ್ಸ್‌ಟನ್‌ನ ಪ್ರಾಧ್ಯಾಪಕ ಕೈ ಲಿ ಮತ್ತಿತರರು 2001ರಲ್ಲಿ ಕಟ್ಟಿದ ಡೇಟಾ ಡೊಮೇನ್ ಕಂಪನಿ, ಬ್ಯಾಕಪ್‌ಗೆ ಬಳಸುತ್ತಿದ್ದ ಟೇಪುಗಳನ್ನು ಇದರ ಬಲದಿಂದಲೇ ಮೂಲೆಗೆ ಸರಿಸಿತು.

ಬೆಳಕಿಗೆ ಸುಳ್ಳು ಹೇಳಲಾಗದು

ಈ ಕಸುಬಿನ ಎಲ್ಲ ಚಾತುರ್ಯವೂ ಸೋಲುವ ಜಾಗ ಒಂದಿದೆ, ದೂರ.

ಇಎಂಸಿ ಕಂಪನಿ 1990ರಲ್ಲಿ ತಂದ ಸಿಮೆಟ್ರಿಕ್ಸ್ ಎಂಬ ಕಪಾಟಿಗೆ 1994ರಲ್ಲಿ ಹೊಸ ವಿದ್ಯೆ ಕಲಿಸಿತು. ಇಲ್ಲಿ ಬರೆದದ್ದನ್ನು ಇನ್ನೊಂದು ಊರಿನ ಕಪಾಟಿನಲ್ಲೂ ಬರೆದು, ಅಲ್ಲಿಂದ ಉತ್ತರ ಬಂದ ಮೇಲಷ್ಟೇ ಸರ್ವರಿಗೆ ‘ಆಯಿತು’ ಎನ್ನುವುದು. ಒಂದು ಕಟ್ಟಡ ಕುಸಿದರೂ ಒಂದು ಪೈಸೆಯ ಲೆಕ್ಕವೂ ತಪ್ಪದು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಬ್ಯಾಂಕುಗಳು ಇದನ್ನು ನೋಡುವ ಕಣ್ಣೇ ಬದಲಾಯಿತು.

ಆದರೆ ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಒಂದು ಕಿಲೋಮೀಟರಿಗೆ 5 ಮೈಕ್ರೊಸೆಕೆಂಡ್, ಹೋಗಿಬರಲು 10. ಬೆಂಗಳೂರಿನಿಂದ ಮೈಸೂರಿಗೆ 145 ಕಿ.ಮೀ. ಎಂದುಕೊಂಡರೆ ಪ್ರತಿ ಬರಹಕ್ಕೂ ಒಂದೂವರೆ ಮಿಲಿಸೆಕೆಂಡ್ ದಂಡ. ತಡೆದುಕೊಳ್ಳಬಹುದು. ಮುಂಬೈವರೆಗಿನ ಸಾವಿರ ಕಿ.ಮೀ. ಎಳೆಗೆ 10 ಮಿಲಿಸೆಕೆಂಡ್. ತಿಂಗಳ ಮೊದಲ ದಿನ ಸಂಬಳ ಜಮೆ ಮಾಡುವ ಬ್ಯಾಂಕಿಗೆ ಪ್ರತಿ ಬರಹದಲ್ಲೂ ಇಷ್ಟು ಕಾದರೆ ಸಂಜೆಯಾದರೂ ಕೆಲಸ ಮುಗಿಯದು. ಅದಕ್ಕೇ ನಮ್ಮ ಎಷ್ಟೋ ಬ್ಯಾಂಕುಗಳು ಒಂದು ಪ್ರತಿಯನ್ನು ಹತ್ತಿರದಲ್ಲಿ ಕ್ಷಣಕ್ಷಣಕ್ಕೂ ಸರಿಯಾಗಿ, ಇನ್ನೊಂದನ್ನು ಭೂಕಂಪದ ಬೇರೆ ವಲಯದ ದೂರದ ಊರಿನಲ್ಲಿ ತುಸು ಹಿಂದುಳಿದಂತೆ ಇಡುತ್ತವೆ.

ದೂರದ ಜೊತೆ ಖಾಲಿ ಕ್ಯಾನಿನ ಲೆಕ್ಕವೂ ತಲೆಕೆಳಗಾಗುತ್ತದೆ. 1 ಗಿಗಾಬಿಟ್ ವೇಗದಲ್ಲಿ ಒಂದು ತುಂಬಿದ ಫ್ರೇಮು ಎಳೆಯ ಮೇಲೆ ಸುಮಾರು 4 ಕಿ.ಮೀ. ಉದ್ದಕ್ಕೆ ಮಲಗಿರುತ್ತದೆ. 32 ಗಿಗಾಬಿಟ್ಟಿನಲ್ಲಿ ಅದೇ ಫ್ರೇಮು ಸುಮಾರು 125 ಮೀಟರಿಗೆ ಕುಗ್ಗುತ್ತದೆ. 50 ಕಿ.ಮೀ. ದಾರಿಯನ್ನು ಹೋಗಿಬರುವ ಲೆಕ್ಕದಲ್ಲಿ ತುಂಬಿಸಲು ಮೊದಲಿನದಕ್ಕೆ 25 ಕ್ಯಾನು ಸಾಕಿದ್ದರೆ ಎರಡನೆಯದಕ್ಕೆ 800 ಬೇಕು. ವೇಗ ಹೆಚ್ಚಿಸಿಕೊಂಡು, ಕ್ಯಾನು ಹೆಚ್ಚಿಸಲು ಮರೆತು, ‘ಹೊಸ ಸ್ವಿಚ್ಚು ಹಳೆಯದಕ್ಕಿಂತ ಚುರುಕೇನೂ ಇಲ್ಲ’ ಎಂದು ಗೊಣಗುವುದು ಈ ಕ್ಷೇತ್ರದಲ್ಲಿ ಮಾಮೂಲು.

ಅಗ್ಗದ ದಾರಿಯ ಪ್ರಯತ್ನಗಳೂ ನಡೆದಿವೆ. ಸ್ಕಸಿ ಮಾತನ್ನು ಮಾಮೂಲಿ ಅಂತರ್ಜಾಲದ ಲಕೋಟೆಯಲ್ಲಿ ಹಾಕಿ ಕಳುಹಿಸುವ ಐಸ್ಕಸಿ 2004ರಲ್ಲಿ ಮಾನದಂಡವಾಗಿ, ಸಣ್ಣಪುಟ್ಟ ಕಚೇರಿಗಳನ್ನು ಗೆದ್ದಿತು. ಫೈಬರ್ ಚಾನೆಲ್ಲನ್ನೇ ಈಥರ್‌ನೆಟ್ ಮೇಲೆ ಕೂರಿಸಲು ಹೊರಟ ಎಫ್‌ಸಿಒಇ ಮಾತ್ರ ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬಂತಾಗಿ, ಸದ್ದು ಮಾಡಿದಷ್ಟು ಸಂಸಾರ ಮಾಡಲಿಲ್ಲ.

ಕಳೆದ ದಶಕದಲ್ಲಿ ಬಿದ್ದುಹೋದದ್ದು ಇನ್ನೊಂದು ಸುಳ್ಳು, ಡಿಸ್ಕೆಂದರೆ ತಿರುಗುವ ತಟ್ಟೆ ಎಂಬುದು. ತಿರುಗುವ ತಟ್ಟೆಗಳ ಜಾಗಕ್ಕೆ ಫ್ಲಾಶ್ ಚಿಪ್ಪುಗಳು ಬಂದವು. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆ ಅರ್ಧ ಸುತ್ತಿಗೇ 4 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಚಿಪ್ಪು ಹತ್ತಾರು ಸಲ ಉತ್ತರ ಕೊಟ್ಟು ಸುಮ್ಮನೆ ಕೂತಿರುತ್ತದೆ. ಆದರೂ ಅದು ಬಹುಕಾಲ ತನಗೆ ತಟ್ಟೆ ಇದೆ, ಮುಳ್ಳು ಇದೆ ಎಂದು ನಟಿಸುತ್ತಾ ತಟ್ಟೆಯ ಕಾಲದ ಭಾಷೆಯಲ್ಲೇ ಮಾತಾಡಬೇಕಿತ್ತು. ಮೇಜಿನ ಕಂಪ್ಯೂಟರುಗಳ ಹಳೆಯ ಪದ್ಧತಿಯಲ್ಲಿ ಸರತಿಯ ಸಾಲು ಒಂದೇ, ಅದರಲ್ಲಿ 32 ಬೇಡಿಕೆಗಳಿಗಷ್ಟೇ ಜಾಗ. 2011ರಲ್ಲಿ ಬಂದ ಎನ್‌ವಿಎಂಇ ಎಂಬ ಹೊಸ ಭಾಷೆ ಸುಮಾರು 65 ಸಾವಿರ ಸಾಲುಗಳಿಗೆ, ಪ್ರತಿ ಸಾಲಿನಲ್ಲೂ ಅಷ್ಟೇ ಬೇಡಿಕೆಗಳಿಗೆ ಅವಕಾಶ ಕೊಟ್ಟಿತು. ಬಾಗಿಲು ಒಂದೇ ಇದ್ದ ಚಿತ್ರಮಂದಿರದ ಗೋಡೆಯನ್ನೇ ಕೆಡವಿದ ಹಾಗೆ. 2016ರಲ್ಲಿ ಅದನ್ನು ಜಾಲದ ಮೇಲೂ ಹರಿಸುವ ಮಾನದಂಡ ಬಂತು. ದೂರದ ಡಿಸ್ಕು ಒಳಗಿನ ಡಿಸ್ಕಿಗಿಂತ 10 ಮೈಕ್ರೊಸೆಕೆಂಡಿಗಿಂತ ಹೆಚ್ಚು ತಡ ಮಾಡಬಾರದು ಎಂಬುದು ಅದರ ಗುರಿ.

ಭಾಷೆ ಬದಲಾಯಿತು, ತಂತಿ ಬದಲಾಯಿತು, ತಟ್ಟೆ ಹೋಗಿ ಚಿಪ್ಪು ಬಂತು. ಇಷ್ಟಾದರೂ ತಟ್ಟೆಗಳು ಪೂರ್ತಿ ಮರೆಯಾಗಿಲ್ಲ. ಹೆಚ್ಚು ಮುಟ್ಟದ ದೊಡ್ಡ ಕಡತಗಳಿಗೆ ಈಗಲೂ ಅವೇ ಗತಿ. ಅವು ಸಾಯುವುದೂ ನಿಂತಿಲ್ಲ. ಸತ್ತ ಡಿಸ್ಕಿನ ಮುಂದೆ ಹಳದಿ ದೀಪ ಹತ್ತುತ್ತದೆ. ಒಬ್ಬ ಹುಡುಗ ಬಂದು, ಸಾಲು ಎರಡು ಸಲ ಎಣಿಸಿ, ಅದನ್ನು ಎಳೆದು ಹೊಸದನ್ನು ತಳ್ಳುತ್ತಾನೆ. ಟಕ್ ಎಂದು ಸದ್ದು. ಉಳಿದವುಗಳಿಂದ ಕಳೆದು ಕೂಡಿ ಹೊಸದನ್ನು ತುಂಬಿಸುವ ಕೆಲಸ ಶುರು. 20 ಟೆರಾಬೈಟಿನ ಡಿಸ್ಕಾದರೆ, ಸೆಕೆಂಡಿಗೆ 200 ಮೆಗಾಬೈಟ್ ಲೆಕ್ಕದಲ್ಲಿ ಒಂದು ಲಕ್ಷ ಸೆಕೆಂಡ್, ಇಪ್ಪತ್ತೇಳು ಗಂಟೆಗೂ ಮೇಲೆ. ಅಷ್ಟು ಹೊತ್ತಿನಲ್ಲಿ ಇನ್ನೊಂದು ಸತ್ತರೇನು ಗತಿ ಎಂದು ಈಗ ಒಂದರ ಬದಲು ಎರಡು ‘ಒಟ್ಟು ಮೊತ್ತ’ ಇಟ್ಟಿರುತ್ತಾರೆ. ಹುಡುಗ ರಿಜಿಸ್ಟರಿನಲ್ಲಿ ಸಹಿ ಹಾಕಿ, ಕೈ ಉಜ್ಜಿಕೊಳ್ಳುತ್ತಾ ಕಾಫಿಗೆ ಹೊರಡುತ್ತಾನೆ. ಸರ್ವರ್ ತನ್ನ ಪಾಡಿಗೆ ಯಾರದೋ ಪಹಣಿ ಓದುತ್ತಿರುತ್ತದೆ. ಅದಕ್ಕೆ ಈ ವಿಷಯ ಯಾರೂ ಹೇಳಿಲ್ಲ.